ಬೇಡವೆಂದರೂ ಕೊರಳಿಗೆ ಬಿದ್ದ ವಜ್ರ: ಆರನೇ ನಿಜಾಮನ ಕತೆ

ಸೇಡಂನ ಗೆಳೆಯನೊಬ್ಬ ಮೊನ್ನೆ ವಾಟ್ಸಾಪಿನಲ್ಲಿ ಎರಡು ಸರ್ಟಿಫಿಕೇಟ್ ಕಳಿಸಿದ್ದ. ನಿಶ್ಚಿತಾರ್ಥದ ಉಂಗುರಕ್ಕೆ. ಎರಡೂ ಗುಂಡು ವಜ್ರ, ತೂಕ ಒಂದೇ, ಬಣ್ಣವೂ ಒಂದೇ. ಒಂದಕ್ಕೆ ದೊಡ್ಡ ಬ್ರ್ಯಾಂಡಿನ ಹೆಸರಿದೆ, ಬೆಲೆ ಜಾಸ್ತಿ. ಇನ್ನೊಂದಕ್ಕೆ ಹೆಸರಿಲ್ಲ, ಆದ್ರೆ ಕಟ್‌ನ ಅಳತೆ ಚೊಕ್ಕ. ಯಾವ್ದು ತಗೋಬೇಕು ಅಂತ ಅವನ ಪ್ರಶ್ನೆ. ಇಂಜಿನಿಯರಿಂಗ್ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮ ಕಡೆಯ ಹಳೇ ನಂಬಿಕೆ. ನನಗೆ ನೆನಪಾದದ್ದು ಮಾತ್ರ ನಮ್ಮ ಹಳೇ ದೊರೆ, ಮೀರ್ ಮಹಬೂಬ್ ಅಲಿ ಖಾನ್.

ಕೊಡ್ಲಿ, ಚಿಂಚೋಳಿ, ಚಿತ್ತಾಪುರ, ಶಹಾಬಾದ್ ಎಲ್ಲವೂ 1948ರವರೆಗೆ ಹೈದರಾಬಾದ್ ಸಂಸ್ಥಾನದೊಳಗೇ ಇದ್ದ ಊರುಗಳು. ಕಲಬುರಗಿಯ ಎಂಎಸ್‌ಕೆ ಮಿಲ್ ಅಂತೀವಲ್ಲ, ಅದರ ಎಂ ಅಕ್ಷರದಲ್ಲಿ ಇರೋದು ಇದೇ ಮಹಬೂಬ್. ಹುಟ್ಟಿದ್ದು 1866ರಲ್ಲಿ. ತಂದೆ ತೀರಿಕೊಂಡಾಗ ವಯಸ್ಸು ಎರಡೂವರೆ, ಆಗಲೇ ಗಾದಿ. ರಾಜ್ಯ ನಡೆಸಿದ್ದು ಸಾಲಾರ್ ಜಂಗ್. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿಸಿದ 1874ರಲ್ಲಿ ಹುಡುಗ ದೊರೆಗೆ ಎಂಟು ವರ್ಷ. ದಖ್ಖನ್ನಿನ ಮಹಾ ಬರ ಬಂದು ಹೋದಾಗ ಹನ್ನೆರಡು ತುಂಬಿತ್ತು. 1884ರಲ್ಲಿ ವೈಸ್‌ರಾಯ್ ರಿಪನ್ ಬಂದು ಅಧಿಕಾರ ಒಪ್ಪಿಸಿದ. ಒಪ್ಪಿಸಿದ ಅಂದ್ರೆ ಕಾಗದದ ಮೇಲೆ. ಬ್ರಿಟಿಷ್ ರೆಸಿಡೆಂಟ್ ಹುಬ್ಬೇರಿಸಿದರೆ ದರ್ಬಾರು ತಣ್ಣಗಾಗುವ ಕಾಲ ಅದು.

ಜನರಿಗೆ ಈತ ಇಷ್ಟದವನೇ. 1908ರ ಮೂಸಿ ಪ್ರವಾಹದಲ್ಲಿ ಅರಮನೆಯ ಬಾಗಿಲು ತೆಗೆಸಿದ. ಅವನ ಹೆಸರು ಹೇಳಿದರೆ ಹಾವಿನ ವಿಷ ಇಳಿಯುತ್ತೆ ಅಂತ ನಂಬಿದವರೂ ಇದ್ದರು. ಬಟ್ಟೆಯ ಹುಚ್ಚು ಎಷ್ಟು ಅನ್ನೋದಕ್ಕೆ ಪುರಾನಿ ಹವೇಲಿಯ ಎರಡಂತಸ್ತಿನ ಕಪಾಟು ಇವತ್ತಿಗೂ ಸಾಕ್ಷಿ.

1891ರಲ್ಲಿ ಶಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಮ್ ಜೇಕಬ್ ಒಂದು ವಜ್ರದ ಮಾತು ತಂದ. ನಡುವೆ ಕೈಯಾಡಿಸಿದವನು ದೊರೆಯ ಖಾಸಾ ಸೇವಕ ಆಲ್ಬರ್ಟ್ ಅಬಿದ್. ಹೈದರಾಬಾದಿನ ಅಬಿಡ್ಸ್ ಅವನ ಹೆಸರಿನದೇ. ಕಲ್ಲು ದಕ್ಷಿಣ ಆಫ್ರಿಕಾದ್ದು, ಸಾಣೆ ಹಿಡಿದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಮಾರುಕಟ್ಟೆಯಲ್ಲಿ ಅದಕ್ಕೆ ಇಂಪೀರಿಯಲ್, ವಿಕ್ಟೋರಿಯಾ ಅಂತೆಲ್ಲ ಹೆಸರು. ಗೋಲ್ಕೊಂಡದ ಗಾದಿ ಮೇಲೆ ಕೂತವನಿಗೆ ಆಫ್ರಿಕಾದ ಕಲ್ಲನ್ನು ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಮಾರೋದು! ಬ್ರ್ಯಾಂಡಿಂಗ್ ಅಂದ್ರೆ ಇದೇ ತಾನೆ? ಕೇಳಿದ ಬೆಲೆ 46 ಲಕ್ಷ ರೂಪಾಯಿ. ಕಲ್ಲು ನೋಡಿ ಮೆಚ್ಚಿದರೆ ಮಾತ್ರ ವ್ಯಾಪಾರ ಅಂತ ಷರತ್ತು, ಆದ್ರೂ ಮುಂಗಡ 23 ಲಕ್ಷ ಮೊದಲೇ ಹೋಯ್ತು. ಮುಂದೆ 1902ರಲ್ಲಿ ಕರ್ಜನ್ ಇದೇ ದೊರೆಯಿಂದ ಇಡೀ ಬೇರಾರ್ ಪ್ರಾಂತ್ಯವನ್ನು ಕಾಯಂ ಗುತ್ತಿಗೆಗೆ ಬರೆಸಿಕೊಂಡಾಗ ಗೊತ್ತಾದ ವಾರ್ಷಿಕ ಬಾಡಿಗೆ 25 ಲಕ್ಷ. ಹೋಲಿಸಿ ನೋಡ್ರಿ. ಈ ದುಡ್ಡಿನ ಬೇರು ಇದ್ದದ್ದು ಜೋಳ, ತೊಗರಿ ಬೆಳೆವ ಹೊಲಗಳ ಕಂದಾಯದಲ್ಲಿ.

ಆಗ ಮುಂಬೈಯಿಂದ ಹೈದರಾಬಾದಿಗೆ ರೈಲಿನ ದಾರಿ ಅಂದ್ರೆ ವಾಡಿಯೇ. ವಜ್ರವೂ ಶಹಾಬಾದಿನ ಫರಸಿ ಗಣಿಗಳನ್ನು ಕಿಟಕಿಯಲ್ಲಿ ಬಿಟ್ಟು ಬಂದಿರಬೇಕು. ಬಂತು. ದೊರೆ ನೋಡಿ ಬೇಡ ಅಂದ.

ಯಾಕೆ? ಇಂಥ ಖರ್ಚಿಗೆ ರೆಸಿಡೆಂಟನ ವಿರೋಧ ಇತ್ತು, ಅದು ನಿಜ. ಆದ್ರೆ ಅಳತೆ ನೋಡಿದರೆ ನನ್ನೊಳಗಿನ ಇಂಜಿನಿಯರಿಗೆ ಬೇರೆಯೇ ಗುಮಾನಿ. ಕಲ್ಲು 184.75 ಕ್ಯಾರೆಟ್, ಉದ್ದ 39.5 ಮಿ.ಮೀ., ಅಗಲ 29.25, ಆಳ 22.5. ಅಂದ್ರೆ ಆಳ ಅಗಲದ ಶೇ. 77ರಷ್ಟು. ಮಹಬೂಬ್ ತೀರಿಕೊಂಡ ಎಂಟು ವರ್ಷಕ್ಕೆ, 1919ರಲ್ಲಿ, ಮಾರ್ಸೆಲ್ ತೋಲ್ಕೋವ್‌ಸ್ಕಿ ಅನ್ನೋ ಯುವ ಇಂಜಿನಿಯರ್ ಗುಂಡು ವಜ್ರಕ್ಕೆ ಲೆಕ್ಕ ಹಾಕಿಕೊಟ್ಟ: ಮೇಲಿನ ಚಪ್ಪಟೆ ಮುಖ ವ್ಯಾಸದ ಶೇ. 53, ಒಟ್ಟು ಆಳ ಶೇ. 59.3, ಮೇಲಿನ ಇಳಿಜಾರು 34.5 ಡಿಗ್ರಿ, ಕೆಳಗಿನದು 40.75 ಡಿಗ್ರಿ. ಕೆಳಭಾಗದ ಕೋನ ತೀರಾ ಕಡಿಮೆಯಾದರೂ ಹೆಚ್ಚಾದರೂ ಒಳಗೆ ಹೊಕ್ಕ ಬೆಳಕು ನಮ್ಮ ಕಣ್ಣಿಗೆ ವಾಪಸ್ ಬರದೆ ಬೇರೆ ದಾರಿಯಲ್ಲಿ ಸೋರಿಹೋಗುತ್ತೆ. ನಿಜಾಮನ ಕಲ್ಲು ಗುಂಡಲ್ಲ, ದಿಂಬಿನಾಕಾರ. ನೇರ ಹೋಲಿಕೆ ಸಲ್ಲದು. ಆದ್ರೂ ಶೇ. 77 ಅಂದ್ರೆ ಹೊಳಪಿಗಿಂತ ತೂಕ ಉಳಿಸಿದ ಕಟ್ ಅನಿಸುತ್ತೆ. ಆ ಕಾಲದ ದೊಡ್ಡ ಕಲ್ಲುಗಳಿಗೆ ತೂಕವೇ ಹೆಮ್ಮೆ. ದೊರೆಯ ಕಣ್ಣಿಗೆ ಅದು ಮಂಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇದು ನನ್ನ ಊಹೆ, ಇತಿಹಾಸ ಅಲ್ಲ.

ಮುಂಗಡ ವಾಪಸ್ ಬರಲಿಲ್ಲ. ಜೇಕಬ್ ಆ ದುಡ್ಡಿನಿಂದಲೇ ಕಲ್ಲು ಕೊಂಡಿದ್ದ. ನಂಬಿಕೆ ದ್ರೋಹದ ಕೇಸು ಕಲ್ಕತ್ತಾ ಹೈಕೋರ್ಟಿಗೆ ಹೋಯ್ತು. ಆಳುವ ದೊರೆ ಕಮಿಷನ್ ಮುಂದೆ ಸಾಕ್ಷಿ ಹೇಳಬೇಕಾಯ್ತು, ಹೈದರಾಬಾದಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಡಿಸೆಂಬರಿನಲ್ಲಿ ಜೇಕಬ್ ಖುಲಾಸೆಯಾದ. ಕಡೆಗೆ ವಜ್ರ ನಿಜಾಮನ ಬಳಿಯೇ ಉಳಿಯಿತು. ಗೆದ್ದ ಜೇಕಬ್ ಕೂಡ ಉದ್ಧಾರ ಆಗಲಿಲ್ಲ. ರಾಜರು ಅವನ ವ್ಯಾಪಾರ ಬಿಟ್ಟರು, 1921ರಲ್ಲಿ ಮುಂಬೈಯಲ್ಲಿ ಬಡವನಾಗಿ ಸತ್ತ.

ಮಹಬೂಬ್ 1911ರಲ್ಲಿ ಫಲಕ್‌ನುಮಾದಲ್ಲಿ ತೀರಿಕೊಂಡ, ವಯಸ್ಸು 45. ಆ ವಜ್ರ ಅಪ್ಪನ ಚಪ್ಪಲಿಯ ಮೂತಿಯೊಳಗೆ ಮಗ ಉಸ್ಮಾನ್ ಅಲಿ ಖಾನ್‌ಗೆ ಸಿಕ್ಕಿತು, ಅವನು ಅದನ್ನು ಪೇಪರ್‌ವೇಟ್ ಮಾಡಿಕೊಂಡ ಅಂತ ಎಲ್ಲರೂ ಹೇಳುವ ಕತೆ. ಜಿಪುಣ ಮಗ ಅಂತ ನಗ್ತೀವಿ. ನನಗೆ ಚಪ್ಪಲಿಯೊಳಗೆ ತುರುಕಿದ ಅಪ್ಪನ ಸಿಟ್ಟೇ ಹೆಚ್ಚು ಅರ್ಥವಾಗುತ್ತೆ.

ಗೆಳೆಯನಿಗೆ ಹೆಸರಿಲ್ಲದ ಕಲ್ಲನ್ನೇ ತಗೋ ಅಂದೆ. ಅದರ ಕೆಳಗಿನ ಕೋನ 40.8 ಡಿಗ್ರಿ. ಹುಡುಗಿ ಮನೆಯವರು ಬಾಕ್ಸ್ ಮೇಲಿನ ಹೆಸರು ನೋಡ್ತಾರಲ್ಲ ಅಂತ ಅವನ ಚಿಂತೆ ಇನ್ನೂ ಮುಗಿದಿಲ್ಲ.

ನಿಜಾಮನ ವಜ್ರ ಈಗ ಸರ್ಕಾರದ್ದು, ಅಂದ್ರೆ ಲೆಕ್ಕಕ್ಕೆ ಕೊಡ್ಲಿಯವರದ್ದೂ ಹೌದು. 1995ರಲ್ಲಿ 173 ಆಭರಣಗಳನ್ನು 218 ಕೋಟಿ ರೂಪಾಯಿಗೆ ಕೊಂಡರು. ರಿಸರ್ವ್ ಬ್ಯಾಂಕಿನ ತಿಜೋರಿಯಲ್ಲಿದೆ, ಅಪರೂಪಕ್ಕೆ ಪ್ರದರ್ಶನಕ್ಕೆ ಬರುತ್ತೆ. ಇಂಪೀರಿಯಲ್, ವಿಕ್ಟೋರಿಯಾ ಹೆಸರುಗಳು ಅಳಿಸಿಹೋದವು. ಪಟ್ಟಿಯಲ್ಲಿ ಅದರ ಹೆಸರು ಜೇಕಬ್ ವಜ್ರ.