ಫ್ರೀಡ್ರಿಕ್ ಫ್ರೋಬೆಲ್

ಫ್ರೀಡ್ರಿಕ್ ವಿಲ್ಹೆಲ್ಮ್ ಆಗಸ್ಟ್ ಫ್ರೋಬೆಲ್ (ಏಪ್ರಿಲ್ 21, 1782 – ಜೂನ್ 21, 1852) ಜರ್ಮನಿಯ ಶಿಕ್ಷಣತಜ್ಞರು ಹಾಗೂ ಕಿಂಡರ್‌ಗಾರ್ಟನ್ ಪದ್ಧತಿಯ ಸ್ಥಾಪಕರು. ಚೆಂಡು, ಮರದ ತುಂಡು, ಕಾಗದ ಮತ್ತು ಜೇಡಿಮಣ್ಣಿನ ಮೂಲಕ ಎಳೆಯ ಮಕ್ಕಳಿಗೆ ಸಂಖ್ಯೆ, ಆಕಾರ ಮತ್ತು ಅಳತೆಗಳನ್ನು ಪರಿಚಯಿಸುವ ಕ್ರಮಬದ್ಧ ವಿಧಾನವನ್ನು ಅವರು ರೂಪಿಸಿದರು. ಭಾರತದ ಶಾಲೆಗಳಲ್ಲಿ ಬಳಕೆಯಲ್ಲಿರುವ ಎಲ್‌ಕೆಜಿ, ಯುಕೆಜಿ ಎಂಬ ಹೆಸರುಗಳಲ್ಲಿನ ‘ಕೆಜಿ’ ಅವರು ಸೃಷ್ಟಿಸಿದ ಕಿಂಡರ್‌ಗಾರ್ಟನ್ ಪದದ ಸಂಕ್ಷಿಪ್ತ ರೂಪವಾಗಿದೆ.

ಜನನ ಮತ್ತು ಬಾಲ್ಯ

ಫ್ರೋಬೆಲ್ ಜರ್ಮನಿಯ ತುರಿಂಗಿಯಾ ಪ್ರದೇಶದ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಲೂಥರನ್ ಪಂಥದ ಪಾದ್ರಿಯಾಗಿದ್ದರು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಮರುಮದುವೆಯಾದ ನಂತರ ಬಾಲಕನು ಮನೆಯಲ್ಲಿ ಒಂಟಿಯಾದನು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನ ಆಶ್ರಯ ದೊರೆಯಿತು. ಮುಂದೆ ಅರಣ್ಯಪಾಲಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ ಅವರಿಗೆ ಅಲ್ಲಿ ಸಸ್ಯಗಳ ಹಾಗೂ ಗಣಿತದ ಮೇಲೆ ಆಸಕ್ತಿ ಬೆಳೆಯಿತು.

ಶಿಕ್ಷಣ ಮತ್ತು ವೃತ್ತಿ

ಯೇನಾ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಅಧ್ಯಯನ ಮಾಡಿದ ಫ್ರೋಬೆಲ್ 1805ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಶಿಕ್ಷಕರಾದರು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವರ್ಡನ್‌ನಲ್ಲಿ ಪೆಸ್ಟಲಾಟ್ಸಿಯವರ ಶಾಲೆಯಲ್ಲಿದ್ದು, ವಸ್ತುಗಳನ್ನು ನೋಡಿ, ಮುಟ್ಟಿ ಕಲಿಯುವ ಕ್ರಮವನ್ನು ಸಮೀಪದಿಂದ ಕಂಡರು. ಬಳಿಕ ಬರ್ಲಿನ್‌ನಲ್ಲಿ ಖನಿಜಶಾಸ್ತ್ರಜ್ಞ ವೈಸ್ ಅವರ ಸಹಾಯಕರಾಗಿ ಸ್ಫಟಿಕಗಳ ಅಧ್ಯಯನ ನಡೆಸಿದರು. ಸ್ಫಟಿಕವು ನಿಯಮಬದ್ಧವಾಗಿ ಬೆಳೆಯುವ ರೀತಿಯಲ್ಲಿ ಮನುಷ್ಯನ ಬೆಳವಣಿಗೆಗೂ ಅನ್ವಯಿಸುವ ತತ್ತ್ವವನ್ನು ಅವರು ಕಂಡರು. ಮಕ್ಕಳ ಕೈಗೆ ಅವರು ನೀಡಿದ ಸರಳ ಜ್ಯಾಮಿತೀಯ ಆಕೃತಿಗಳ ಹಿಂದೆ ಈ ಅಧ್ಯಯನದ ಪ್ರಭಾವವಿದೆ.

1816ರಲ್ಲಿ ಗ್ರೀಸ್‌ಹೈಮ್‌ನಲ್ಲಿ ಆರಂಭಿಸಿದ ಶಾಲೆಯನ್ನು ಮರುವರ್ಷ ಕೈಲ್‌ಹೌ ಗ್ರಾಮಕ್ಕೆ ಸ್ಥಳಾಂತರಿಸಿದರು. 1826ರಲ್ಲಿ ‘ಮಾನವನ ಶಿಕ್ಷಣ’ ಎಂಬ ಅವರ ಪ್ರಮುಖ ಗ್ರಂಥ ಪ್ರಕಟವಾಯಿತು. 1837ರಲ್ಲಿ ಬ್ಲಾಂಕನ್‌ಬರ್ಗ್‌ನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದರು. 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟರು.

ಉಡುಗೊರೆಗಳು ಮತ್ತು ಗಣಿತ

ಫ್ರೋಬೆಲ್ ತಾವು ರೂಪಿಸಿದ ಕಲಿಕೆಯ ಸಾಧನಗಳನ್ನು ‘ಉಡುಗೊರೆಗಳು’ ಎಂದು ಕರೆದರು. ಮೊದಲನೆಯದು ಬಣ್ಣದ ನೂಲಿನ ಆರು ಮೆತ್ತನೆಯ ಚೆಂಡುಗಳು. ಎರಡನೆಯದು ಮರದ ಗೋಳ, ಘನ ಮತ್ತು ಸಿಲಿಂಡರ್. ಉರುಳುವ ಗೋಳಕ್ಕೂ ನಿಲ್ಲುವ ಘನಕ್ಕೂ ಇರುವ ವ್ಯತ್ಯಾಸವನ್ನೂ, ಎರಡೂ ಗುಣಗಳು ಸಿಲಿಂಡರಿನಲ್ಲಿ ಕೂಡಿರುವುದನ್ನೂ ಮಗು ಆಟದಲ್ಲೇ ಅರಿಯುತ್ತದೆ.

ಮೂರನೆಯ ಉಡುಗೊರೆಯು ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಮುಚ್ಚಳವನ್ನು ಎಳೆದು, ಪೆಟ್ಟಿಗೆಯನ್ನು ಮೇಲೆತ್ತಿದಾಗ ಮಗುವಿಗೆ ಮೊದಲು ಕಾಣುವುದು ಇಡಿಯಾದ ಘನ. ನಂತರ ಅದನ್ನು ಎರಡು, ನಾಲ್ಕು, ಎಂಟು ಸಮಭಾಗಗಳಾಗಿ ಬಿಡಿಸಿ, ಮತ್ತೆ ಕೂಡಿಸಲಾಗುತ್ತದೆ. ಅಂಕಿಗಳನ್ನು ಬರೆಯಲು ಕಲಿಯುವ ಮೊದಲೇ ಅರ್ಧ, ಕಾಲು, ಎಂಟನೆಯ ಒಂದು ಭಾಗ ಎಂಬ ಭಿನ್ನರಾಶಿಗಳು ಮಗುವಿನ ಕೈಗೆ ಸಿಗುತ್ತವೆ. ನಾಲ್ಕನೆಯ ಉಡುಗೊರೆಯಲ್ಲಿ ಅದೇ ಅಳತೆಯ ಘನವನ್ನು ಇಟ್ಟಿಗೆಯಾಕಾರದ ಎಂಟು ತುಂಡುಗಳಾಗಿ ವಿಭಜಿಸಲಾಗಿದೆ. ಆಕಾರ ಬೇರೆಯಾದರೂ ಗಾತ್ರ ಒಂದೇ ಆಗಿರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಐದನೆಯದರಲ್ಲಿ 27 ಘನಗಳಿದ್ದು, ಮೂರನ್ನು ಕರ್ಣರೇಖೆಯಲ್ಲಿ ಅರ್ಧಗಳಾಗಿಯೂ ಮೂರನ್ನು ಕಾಲುಭಾಗಗಳಾಗಿಯೂ ಕತ್ತರಿಸಿರುವುದರಿಂದ ಒಟ್ಟು 39 ತುಂಡುಗಳಾಗುತ್ತವೆ.

ಒಂದು ತುಂಡನ್ನೂ ಬದಿಗಿಡದೆ ಎಲ್ಲವನ್ನೂ ಬಳಸಬೇಕು. ಕಟ್ಟಿದ್ದನ್ನು ಕೆಡವದೆ, ತುಂಡುಗಳನ್ನು ಸರಿಸಿ ಹೊಸ ರೂಪಕ್ಕೆ ತರಬೇಕು ಎಂಬುದು ನಿಯಮ. ಅದೇ ತುಂಡುಗಳಿಂದ ಮನೆ, ಬೆಂಚುಗಳಂತಹ ಜೀವನದ ರೂಪಗಳು, ಸಮಮಿತಿಯುಳ್ಳ ಸೌಂದರ್ಯದ ರೂಪಗಳು ಮತ್ತು ಸಂಖ್ಯಾಸಂಬಂಧಗಳನ್ನು ತೋರಿಸುವ ಜ್ಞಾನದ ರೂಪಗಳನ್ನು ರಚಿಸಲಾಗುತ್ತಿತ್ತು. ಕಾಗದ ಮಡಿಸುವುದು, ಕಾಗದದ ಪಟ್ಟಿಗಳನ್ನು ಹೆಣೆಯುವುದು, ನೆನೆಸಿದ ಬಟಾಣಿ ಮತ್ತು ಕಡ್ಡಿಗಳಿಂದ ಆಕೃತಿ ಕಟ್ಟುವುದು ಇತರ ಚಟುವಟಿಕೆಗಳಾಗಿದ್ದವು.

ನಿಷೇಧ ಮತ್ತು ನಿಧನ

1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರವು ಕಿಂಡರ್‌ಗಾರ್ಟನ್‌ಗಳು ನಾಸ್ತಿಕತೆ ಮತ್ತು ಸಮಾಜವಾದವನ್ನು ಹರಡುತ್ತವೆಂದು ಆರೋಪಿಸಿ ಅವುಗಳನ್ನು ನಿಷೇಧಿಸಿತು. ಫ್ರೋಬೆಲ್ ಅವರ ಸೋದರನ ಮಗ ಕಾರ್ಲ್ ಫ್ರೋಬೆಲ್ ಅವರ ಬರಹಗಳನ್ನು ಇವರದೆಂದು ತಪ್ಪಾಗಿ ತಿಳಿದದ್ದು ಇದಕ್ಕೆ ಒಂದು ಕಾರಣವಾಗಿತ್ತು. ತಪ್ಪನ್ನು ತಿಳಿಸಿದರೂ ಆದೇಶ ಬದಲಾಗಲಿಲ್ಲ. ಮರುವರ್ಷ ಫ್ರೋಬೆಲ್ ನಿಧನರಾದರು. ನಿಷೇಧ ತೆರವಾದದ್ದು 1860ರಲ್ಲಿ. ಶ್ವೈನಾದಲ್ಲಿರುವ ಅವರ ಸಮಾಧಿಯ ಸ್ಮಾರಕವನ್ನು ಘನ, ಸಿಲಿಂಡರ್ ಮತ್ತು ಗೋಳಗಳನ್ನು ಒಂದರ ಮೇಲೊಂದಿಟ್ಟ ರೂಪದಲ್ಲಿ ನಿರ್ಮಿಸಲಾಗಿದೆ.

ಪ್ರಭಾವ

ನಿಷೇಧದ ಅವಧಿಯಲ್ಲೇ ಈ ಪದ್ಧತಿಯು ಅನ್ಯ ದೇಶಗಳಿಗೆ ಹರಡಿತು. ಫ್ರೋಬೆಲ್ ಅವರಲ್ಲಿ ತರಬೇತಿ ಪಡೆದಿದ್ದ ಮಾರ್ಗರೆಟ್ ಶುರ್ಟ್ಸ್ 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ ಆರಂಭಿಸಿದರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು ಬಾಲ್ಯದಲ್ಲಿ ಈ ಉಡುಗೊರೆಗಳೊಂದಿಗೆ ಆಡಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಭಾರತದಲ್ಲಿ ಟಿ. ಸುಂದರ ರಾವ್ ಅವರು ಕಿಂಡರ್‌ಗಾರ್ಟನ್‌ನ ಕಾಗದ ಮಡಿಸುವ ಚಟುವಟಿಕೆಯಿಂದ ಪ್ರೇರಿತರಾಗಿ, ಕಾಗದದ ಮಡಿಕೆಗಳಿಂದ ಜ್ಯಾಮಿತಿಯನ್ನು ತಿಳಿಸುವ ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಫ್ರೋಬೆಲ್ ಅವರ ಕೆಲವು ಅನುಯಾಯಿಗಳು ಉಡುಗೊರೆಗಳ ಬಳಕೆಯನ್ನು ಕಟ್ಟುನಿಟ್ಟಿನ ಕವಾಯತಾಗಿ ಮಾರ್ಪಡಿಸಿದರೆಂಬ ಟೀಕೆ ಇದೆ. ಜಾನ್ ಡ್ಯೂಯಿ ಅವರು ಈ ಪದ್ಧತಿಯ ಸಾಂಕೇತಿಕತೆಯನ್ನು ಪ್ರಶ್ನಿಸಿದರು. ಆದರೂ ಮಗುವು ವಸ್ತುಗಳನ್ನು ಕೈಯಾರೆ ಜೋಡಿಸುತ್ತಾ ಗಣಿತವನ್ನು ಕಲಿಯಬೇಕೆಂಬ ಅವರ ವಿಚಾರವು ಪೂರ್ವ ಪ್ರಾಥಮಿಕ ಶಿಕ್ಷಣದಲ್ಲಿ ಇಂದಿಗೂ ಉಳಿದಿದೆ.