ಕುರ್ಚಿ ಬಿಟ್ಟು ಒಪ್ಪಂದಕ್ಕೆ ಕೂತ ಬೂರ್ಗುಲ

ಗುಂಡುಮಾಲಿನ ನಮ್ಮ ಮನಿಯೊಳಗ ಅವ್ವನ ಕಡೆಯವರದು ಕನ್ನಡ, ಅಪ್ಪನ ಕಡೆಯವರದು ತೆಲುಗು. ತೊಗರಿ ಬಂತೆಂದರೆ ನಾರಾಯಣಪೇಟೆಗೆ ಹಾಕೋದೋ, ಗಡಿ ದಾಟಿಸಿ ಯಾದಗಿರಿಗೆ ಒಯ್ಯೋದೋ ಎಂದು ಧಾರಣೆ ನೋಡಿ ನಿರ್ಧಾರ ಮಾಡುತ್ತೇವೆ. ಈ ಗಡಿ ಹೆಂಗ ಬಂತು ಎಂದು ಮನೆ ಹುಡುಗರು ಕೇಳಿದಾಗ ನನಗೆ ನೆನಪಾಗುವ ಹೆಸರು ಬೂರ್ಗುಲ ರಾಮಕೃಷ್ಣರಾಯರದು.

ಅವರು ನಮ್ಮ ಹಳೇ ಮೆಹಬೂಬನಗರ ಸೀಮೆಯವರೇ. ಹುಟ್ಟಿದ್ದು 1899ರ ಮಾರ್ಚ್ 13ರಂದು, ಕಲ್ವಕುರ್ತಿ ಕಡೆಯ ಪಡಕಲ್ ಊರಲ್ಲಿ. ಮನೆತನದ ಹೆಸರು ಪುಲ್ಲಂರಾಜು. ಬೂರ್ಗುಲ ಎಂಬುದು ಊರಿನ ಹೆಸರು, ಅದೇ ನಿಂತಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಮುಗಿಸಿ ಹೈದರಾಬಾದಿನಲ್ಲಿ ವಕೀಲಿ ಹೂಡಿದರು. ತೆಲುಗು, ಉರ್ದು, ಮರಾಠಿ, ಸಂಸ್ಕೃತ, ಫಾರಸಿ ಎಲ್ಲ ಬಲ್ಲವರು. 1931ರಲ್ಲಿ ದೇವರಕೊಂಡದ ಆಂಧ್ರ ಮಹಾಸಭೆಗೆ ಅಧ್ಯಕ್ಷರಾದರು. ನಿಜಾಮರ ಕಾಲದಲ್ಲಿ ಜೈಲನ್ನೂ ಕಂಡರು.

ರೈತರು ಅವರನ್ನು ನೆನೆಯಬೇಕಾದ್ದು 1950ರ ಕೌಲುದಾರಿ ಕಾಯ್ದೆಗಾಗಿ. ಆಗ ಅವರು ಕಂದಾಯ ಮಂತ್ರಿ. ಉಳುವ ಕೌಲುದಾರನನ್ನು ಒಡೆಯ ಮನಸ್ಸಿಗೆ ಬಂದಂತೆ ಎಬ್ಬಿಸಲಾಗದಂಥ ರಕ್ಷಣೆ ಆ ಕಾಯ್ದೆಯಿಂದ ಬಂತು.

1952ರ ಮಾರ್ಚಿನಲ್ಲಿ ಅವರು ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಯಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೊರಗಿನವರಿಗೆ ನೌಕರಿ ಹೋಗುತ್ತಿದೆ ಎಂದು ಮುಲ್ಕಿ ಚಳವಳಿ ಎದ್ದಿತು. ಗೋಲಿಬಾರ್ ಆಗಿ ಜೀವಹಾನಿಯಾಯಿತು. ಅವರ ಆಡಳಿತದ ಮೇಲಿನ ಈ ಕಲೆಯನ್ನು ಮುಚ್ಚಿಡಬಾರದು.

ಮುಂದೆ ರಾಜ್ಯವನ್ನೇ ಒಡೆಯುವ ಮಾತು ಬಂತು. 1955ರಲ್ಲಿ ಫಜಲ್ ಅಲಿ ಆಯೋಗ ತೆಲಂಗಾಣವನ್ನು ಸದ್ಯಕ್ಕೆ ಬೇರೆ ಇಡಿ ಎಂದಿತು. ಆಂಧ್ರದವರಿಗೆ ಹೈದರಾಬಾದ್ ಬೇಕಿತ್ತು; ತೆಲಂಗಾಣದವರಿಗೆ ನೌಕರಿ, ಭೂಮಿ ಕೈಬಿಟ್ಟು ಹೋದಾವೆಂಬ ಅಂಜಿಕೆ. ಮೊದಲು ಹಿಂದುಮುಂದು ನೋಡಿದ ಬೂರ್ಗುಲರು ಕಡೆಗೆ ಕೂಡುವುದಕ್ಕೆ ಒಪ್ಪಿದರು. ರಾಜ್ಯ ಹೋದರೆ ತಮ್ಮ ಕುರ್ಚಿಯೂ ಹೋಗುತ್ತದೆಂದು ಅವರಿಗೆ ತಿಳಿಯದ್ದೇನಲ್ಲ.

1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಆ ಕಡೆ ನಾಲ್ವರು, ಈ ಕಡೆ ನಾಲ್ವರು ಕೂತು ಸಜ್ಜನರ ಒಪ್ಪಂದ ಮಾಡಿಕೊಂಡರು. ಆಂಧ್ರದ ಕಡೆ ಗೋಪಾಲರೆಡ್ಡಿ, ಸಂಜೀವರೆಡ್ಡಿ ಮೊದಲಾದವರು. ತೆಲಂಗಾಣದ ಕಡೆ ಬೂರ್ಗುಲ, ಕೆ.ವಿ. ರಂಗಾರೆಡ್ಡಿ, ಚೆನ್ನಾರೆಡ್ಡಿ, ಜೆ.ವಿ. ನರಸಿಂಗರಾವ್. ಮಂತ್ರಿಗಳು 60ಕ್ಕೆ 40ರ ಲೆಕ್ಕ. ತೆಲಂಗಾಣದ ಉಳಿಕೆ ಹಣ ತೆಲಂಗಾಣಕ್ಕೇ. ಹೊಲ ಮಾರಾಟ ಪ್ರಾದೇಶಿಕ ಮಂಡಳಿಯ ಹತೋಟಿಯಲ್ಲಿ. ಮುಖ್ಯಮಂತ್ರಿ ಒಂದು ಕಡೆಯವರಾದರೆ ಉಪಮುಖ್ಯಮಂತ್ರಿ ಇನ್ನೊಂದು ಕಡೆಯವರು.

ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮುಗಿಯಿತು. ಕಲಬುರಗಿ, ರಾಯಚೂರು, ಬೀದರ ಮೈಸೂರಿಗೆ ಸೇರಿದವು. ಆದರೆ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳೂ ಕಲಬುರಗಿಯ ಕೋಡಂಗಲ್, ತಾಂಡೂರು ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಹೋದವು. ಬೀಗರು ಅತ್ತ, ಹೊಲ ಇತ್ತ. ಬೂರ್ಗುಲರು ಕೇರಳಕ್ಕೆ, ಆಮೇಲೆ ಉತ್ತರ ಪ್ರದೇಶಕ್ಕೆ ರಾಜ್ಯಪಾಲರಾಗಿ ಹೋದರು, ಮುಂದೆ ರಾಜ್ಯಸಭೆಯಲ್ಲಿದ್ದರು. 1967ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಒಪ್ಪಂದ ಮಾತ್ರ ಬಾಳಲಿಲ್ಲ. ಸಂಜೀವರೆಡ್ಡಿ ಮುಖ್ಯಮಂತ್ರಿಯಾದಾಗ ಮೊದಲ ಮಂತ್ರಿಮಂಡಲದಲ್ಲೇ ಉಪಮುಖ್ಯಮಂತ್ರಿ ಇರಲಿಲ್ಲ. 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. 2014ರಲ್ಲಿ ಬೇರೆ ರಾಜ್ಯವೇ ಆಯಿತು.

ನಮ್ಮ ಹೊಲದ ಬದುವಿನ ತಕರಾರೂ ಹಿಂಗ ಒಮ್ಮೆ ಪಂಚರ ಮುಂದೆ ಬಗೆಹರಿದಿತ್ತು. ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಮರುವರ್ಷ ಬಿತ್ತಿಗೆಯಲ್ಲಿ ಕುಂಟಿ ಒಂದು ಮೊಳ ಒಳಗೆ ಬಂತು. ಆಗ ತಿಳೀತು: ರಾಜಿ ಮಾಡೋದು ಒಂದು ದಿನದ ಕೆಲಸ, ಅದನ್ನು ನಡೆಸೋದು ಪ್ರತಿ ಬಿತ್ತಿಗೆಯ ಕೆಲಸ. ಮೊದಲನೆಯದಕ್ಕೆ ಬೂರ್ಗುಲರು ತಮ್ಮ ಕುರ್ಚಿ ಕೊಟ್ಟರು. ಎರಡನೆಯದು ಉಳಿದವರ ಪಾಲಿನದಾಗಿತ್ತು.