ಬೇಸಿಕ್ ಕೊಟ್ಟ ಗಣಿತದ ಮೇಷ್ಟ್ರು

ಪರೀಕ್ಷೆ ಹಾಲಿಗೆ ಪ್ರೋಗ್ರಾಮಬಲ್ ಕ್ಯಾಲ್ಕುಲೇಟರ್ ತರಬಾರದು ಅಂತ ನಮಗೆ ಪ್ರತಿ ಸೆಮಿಸ್ಟರ್ ಹೇಳ್ತಾರೆ. ನಾವು ಯಾರೂ ಅಂಥದ್ದನ್ನ ಮುಟ್ಟಿಯೂ ಇಲ್ಲ, ಆ ಮಾತು ಬೇರೆ. ಆದರೆ ಗಣಿತದ ಪಾಠದಲ್ಲೇ ಪ್ರೋಗ್ರಾಂ ಬರೆಸಬೇಕು ಅಂತ ಹಟ ಹಿಡಿದ ಮೇಷ್ಟ್ರೊಬ್ಬರಿದ್ದರು, ಜಾನ್ ಕೆಮೆನಿ.

ಹುಟ್ಟಿದ್ದು 1926ರಲ್ಲಿ, ಹಂಗೇರಿಯ ಬುಡಾಪೆಸ್ಟಿನ ಯಹೂದಿ ಮನೆಯಲ್ಲಿ. ಹಿಟ್ಲರನ ಭಯಕ್ಕೆ 1940ರಲ್ಲಿ ಮನೆಯವರು ಅಮೆರಿಕ ಸೇರಿದರು. ಬರಲ್ಲ ಅಂದ ತಾತ ನಾಜಿಗಳ ನರಮೇಧಕ್ಕೆ ಬಲಿಯಾದರು.

ಪ್ರಿನ್ಸ್‌ಟನ್‌ನಲ್ಲಿ ಓದ್ತಿದ್ದ ಕೆಮೆನಿಯವರನ್ನು 1945ರಲ್ಲಿ ಲಾಸ್ ಅಲಮೋಸ್‌ಗೆ, ಅಣುಬಾಂಬ್ ಯೋಜನೆಯ ಲೆಕ್ಕದ ವಿಭಾಗಕ್ಕೆ ಹಾಕಿದರು. ಆಗ ಅವರಿಗೆ ನಮ್ಮದೇ ವಯಸ್ಸು! ಪಂಚ್ ಕಾರ್ಡ್ ಯಂತ್ರಗಳನ್ನು ಹಗಲು ರಾತ್ರಿ ಓಡಿಸಿದರೂ ಒಂದು ಸಮೀಕರಣ ಬಿಡಿಸೋಕೆ ಸುಮಾರು ಮೂರು ವಾರ ಹಿಡೀತಿತ್ತು. ಆಮೇಲೆ ಐನ್‌ಸ್ಟೈನ್‌ಗೆ ಗಣಿತದ ಸಹಾಯಕರಾದರು, 1949ರಲ್ಲಿ ಪಿಎಚ್‌ಡಿ ಮುಗಿಸಿದರು. ಬೇರೆ ಯಾರಾದ್ರೂ ಆಗಿದ್ರೆ ಇಷ್ಟನ್ನೇ ಜೀವನಪೂರ್ತಿ ಹೇಳ್ಕೊಂಡು ಓಡಾಡ್ತಿದ್ರು.

ಕೆಮೆನಿ 1953ರಲ್ಲಿ ಡಾರ್ಟ್‌ಮತ್ ಕಾಲೇಜಿಗೆ ಪಾಠ ಮಾಡೋಕೆ ಹೋದರು. ಅಲ್ಲಿ ಹೆಚ್ಚಿನವರು ವಿಜ್ಞಾನದ ವಿದ್ಯಾರ್ಥಿಗಳಲ್ಲ. ಅವರ ಕೈಗೂ ಕಂಪ್ಯೂಟರ್ ಸಿಗಬೇಕು ಅನ್ನೋದು ಇವರ ಆಸೆ. ಅದಕ್ಕೇ ಸಹೋದ್ಯೋಗಿ ಥಾಮಸ್ ಕರ್ಟ್ಸ್ ಜೊತೆ ಸೇರಿ ಬೇಸಿಕ್ ಭಾಷೆ ಮಾಡಿದರು. ಅದು ಮೊದಲ ಸಲ ಓಡಿದ್ದು 1964ರ ಮೇ 1ರ ಬೆಳಗಿನ ಜಾವ 4 ಗಂಟೆಗೆ. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆಯ ಕೋಡ್ ಬರೆದವರಲ್ಲಿ ಡಿಗ್ರಿ ಹುಡುಗರೇ ಜಾಸ್ತಿ. ಲೈಬ್ರರಿ ಥರ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ. ಮೊದಲ ವರ್ಷದ ಗಣಿತದ ಜೊತೆಗೇ ಪ್ರೋಗ್ರಾಂ ಬರೆಯೋದನ್ನೂ ಸೇರಿಸಿದರು.

ಯಂತ್ರಕ್ಕೆ ಕಲಿಸಬೇಕಾದರೆ ವಿದ್ಯಾರ್ಥಿಗೆ ಮೊದಲು ವಿಷಯ ಅರ್ಥವಾಗಿರಬೇಕು ಅನ್ನೋದು ಕೆಮೆನಿಯವರ ನಂಬಿಕೆ. ಇದನ್ನು ನಾವು ಒಪ್ಪಲೇಬೇಕು. ನ್ಯೂಟನ್-ರಾಫ್ಸನ್ ಸೂತ್ರ ಬಾಯಿಪಾಠ ಮಾಡಿ ನಾವು ಫುಲ್ ಮಾರ್ಕ್ಸ್ ತಗೊಂಡಿದ್ವಿ. ಲ್ಯಾಬಲ್ಲಿ ಲೂಪ್ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ಪೆಚ್ಚಾಗಿ ಕೂತಾಗಲೇ ಅದು ಏನು ಮಾಡುತ್ತೆ ಅಂತ ತಿಳಿದದ್ದು.

ಮುಂದೆ ಬೇಸಿಕ್ ಕೈಯಳತೆಗೂ ಬಂತು. 1980ರ ಶಾರ್ಪ್ ಪಿಸಿ-1211 ಜೇಬಿಗೆ ಹಿಡಿಸುವ ಯಂತ್ರ, ಅದರ ಭಾಷೆ ಬೇಸಿಕ್ಕೇ. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ ‘ಕ್ಲಾಸ್’ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋದಲ್ಲೂ ಅದೇ.

ಕೆಮೆನಿ 1970ರಿಂದ 1981ರವರೆಗೆ ಡಾರ್ಟ್‌ಮತ್‌ನ ಅಧ್ಯಕ್ಷರಾಗಿದ್ದರು. 1972ರಲ್ಲಿ ಹುಡುಗಿಯರಿಗೂ ಅಲ್ಲಿ ಡಿಗ್ರಿ ಓದೋಕೆ ಬಾಗಿಲು ತೆರೆಯಿತು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಗಣಿತದ ಪಾಠ ಮಾತ್ರ ಬಿಡಲಿಲ್ಲ. ತೀರಿಕೊಂಡದ್ದು 1992ರ ಡಿಸೆಂಬರಿನಲ್ಲಿ, 66ನೇ ವಯಸ್ಸಿಗೆ.